ಏಳು ನಿಮಿಷದ ಮರ್ಯಾದೆ

ಗ್ರಂಥಾಲಯದ ಮುಂಬಾಗಿಲಿಗೆ ಒಂಬತ್ತು ಮೆಟ್ಟಿಲು. ಹಿಂಬಾಗಿಲಿಗೆ ಒಂದೂ ಇಲ್ಲ. ಸೈಕಲ್ ಸ್ಟ್ಯಾಂಡ್ ದಾಟಿ, ಬೈಂಡಿಂಗಿಗೆ ಕಾದು ಕೂತ ಹರಕು ಪುಸ್ತಕಗಳ ಮೂಟೆಗಳ ನಡುವೆ ಅಡ್ಡಡ್ಡ ನುಸುಳಿದರೆ ನೇರ ಒಳಗೆ ಬರಬಹುದು. ಮೂರು ದಿನದಿಂದ ಸರದಿ ಸಾರ್ ಈ ದಾರಿ ಹಿಡಿದಿದ್ದರು. ಕೇಳಿದವರಿಗೆ ಮೊಣಕಾಲು ನೋವು ಎನ್ನುತ್ತಿದ್ದರು. ಮೊಣಕಾಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೋವೆಲ್ಲ ಮುಂಬಾಗಿಲ ಪಕ್ಕದ ನೋಟೀಸ್ ಬೋರ್ಡಿನಲ್ಲಿತ್ತು. ಅಲ್ಲಿ ಅವರ ಸಹಿ ಇದ್ದ ಒಂದು ಹಾಳೆಯನ್ನು ನಾಲ್ಕು ಪಿನ್ನು ಚುಚ್ಚಿ ಹಾಕಿದ್ದರು.

ಬೋರ್ಡಿನ ಹಾಳೆಯನ್ನು ಯಾರು ಓದುತ್ತಾರೆ ಎಂದು ನಾವು ನೀವಾದರೆ ಸಮಾಧಾನ ಮಾಡಿಕೊಂಡೇವು. ಸರದಿ ಸಾರ್‌ಗೆ ಆ ಸಮಾಧಾನವೂ ಇರಲಿಲ್ಲ. ಅದನ್ನು ಇಲ್ಲದಂತೆ ಮಾಡಿಕೊಂಡವರೂ ಅವರೇ.

ಅವರು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಇಪ್ಪತ್ತೆರಡು ವರ್ಷದ ನೌಕರಿ, ಐವತ್ತಮೂರು ವಯಸ್ಸು, ಎದೆಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಸಣ್ಣ ಸ್ಕ್ರೂಡ್ರೈವರು. ಹೆಸರು ಬೇರೆ ಇತ್ತು, ಸಂಬಳದ ಚೀಟಿಯಲ್ಲಿ ಬಿಟ್ಟು ಇನ್ನೆಲ್ಲೂ ಯಾರೂ ಬಳಸುತ್ತಿರಲಿಲ್ಲ. ಖಾಲಿ ಬಸ್ ನಿಲ್ದಾಣದಲ್ಲೂ ಸಾಲು ಎಲ್ಲಿಂದ ಶುರುವಾಗಬೇಕೋ ಅಲ್ಲೇ ಹೋಗಿ ನಿಲ್ಲುವ ಮನುಷ್ಯ. ಬೆಳಿಗ್ಗೆ ಹಲ್ಲುಜ್ಜುವುದು, ಪೇಪರ್, ಸ್ನಾನ, ತಿಂಡಿ, ಈ ಕ್ರಮ ತಪ್ಪುವಂತಿಲ್ಲ. ಪೇಪರಿನವನು ತಡ ಮಾಡಿದ ದಿನ ಸಾರ್ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ತಂಗಿಯ ಹತ್ತಿರ ಮಾತಾಡುತ್ತ, ಕಾಲಲ್ಲಿ ಕಪಾಟಿನ ಬಾಗಿಲು ದೂಡಿ, ಮಧ್ಯೆ ಒಮ್ಮೆ ಗಂಡನಿಗೂ ಬಯ್ದು ಮುಗಿಸಿರುತ್ತಿದ್ದರು.

"ಸ್ನಾನಕ್ಕೂ ಪೇಪರಿಗೂ ಏನ್ರೀ ಸಂಬಂಧ? ಸುದ್ದಿ ಓದಿದ ಮೇಲೇ ನೀರು ಬರುತ್ತಾ ನಲ್ಲೀಲಿ?"

"ಒಂದಾದ ಮೇಲೆ ಒಂದು ಮಾಡಿದ್ರೆ ತಪ್ಪಾಗಲ್ಲ ಕಣೇ."

"ತಪ್ಪಾಗಲ್ಲ. ಮಧ್ಯಾಹ್ನ ಆಗುತ್ತೆ."

ಗ್ರಂಥಾಲಯದ ಕಂಪ್ಯೂಟರುಗಳು ನಡೆಯುತ್ತಿದ್ದುದು ಯಾವ ಕಂಪನಿಯ ಸೊತ್ತೂ ಅಲ್ಲದ ಒಂದು ಮುಕ್ತ ತಂತ್ರಾಂಶದ ಮೇಲೆ. ಎಲ್ಲೆಲ್ಲಿಯದೋ ಜನ ಬಿಡುವಿನ ಹೊತ್ತಿನಲ್ಲಿ ಬರೆದದ್ದು ಅದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು. ಗುಂಡಿ ಒತ್ತಿದ ಮೇಲೆ ಯಂತ್ರದೊಳಗಿನ ಕೆಲಸಗಳಲ್ಲಿ ಯಾವುದು ಮೊದಲು ಏಳಬೇಕು, ಯಾವುದು ಆಮೇಲೆ ಎಂದು ನೋಡಿಕೊಳ್ಳುವುದಕ್ಕೇ ಅದರಲ್ಲಿ ಒಂದು ಆರಂಭ ವ್ಯವಸ್ಥೆ ಇರುತ್ತದೆ. ಹಳೆಯದರಲ್ಲಿ ಎಲ್ಲರಿಗೂ ನಂಬರು. ಒಂದನೆಯವನು ಎದ್ದು ಮುಖ ತೊಳೆದ ಮೇಲೇ ಎರಡನೆಯವನು ಕಣ್ಣು ಬಿಡಬೇಕು. ಸರದಿ ಸಾರ್ ಇದನ್ನು ಮೊದಲ ಬಾರಿ ಕಂಡಾಗ, ತಮ್ಮನ್ನೇ ಯಾರೋ ಯಂತ್ರದೊಳಗೆ ಕೂರಿಸಿದ್ದಾರೆ ಅನ್ನಿಸಿ ಕಣ್ಣು ಒದ್ದೆ ಮಾಡಿಕೊಂಡಿದ್ದರು.

ಐದು ವರ್ಷದ ಹಿಂದೆ ಆ ತಂತ್ರಾಂಶದ ಮಂದಿ ಮತ ಹಾಕಿ ಇದನ್ನು ಬದಲಾಯಿಸಿಬಿಟ್ಟರು. ಇನ್ನು ಮುಂದೆ ಎಲ್ಲರಿಗೂ ಹೊಸ ಆರಂಭ ವ್ಯವಸ್ಥೆ. ಅದರಲ್ಲಿ ಸಾಲೂ ಇಲ್ಲ, ನಂಬರೂ ಇಲ್ಲ. ಯಾರಿಗೆ ಯಾರ ಹಂಗಿಲ್ಲವೋ ಅವರೆಲ್ಲ ಒಟ್ಟಿಗೇ ಏಳಬಹುದು. ಹಳೆಯದು ಬೇಕೆನ್ನುವವರು ತಾವೇ ಹಾಕಿಕೊಳ್ಳಬಹುದು, ಬೇಡ ಅನ್ನುವವರಿಲ್ಲ. ಸರದಿ ಸಾರ್ ಹಾಕಿಕೊಂಡರು. ಅಷ್ಟಕ್ಕೇ ಸುಮ್ಮನಿರಲಿಲ್ಲ. ಆ ಮಂದಿಯ ಮಿಂಚಂಚೆ ಬಳಗಕ್ಕೆ ಐದು ವರ್ಷದಲ್ಲಿ ನೂರ ಹದಿನಾಲ್ಕು ಪತ್ರ ಬರೆದರು. ಹೊಸ ವ್ಯವಸ್ಥೆಯ ಪರವಾಗಿ ಅಲ್ಲಿ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದವರು 'ಗುಬ್ಬಚ್ಚಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಯಾರೋ ಒಬ್ಬರು. ಗಂಡೋ ಹೆಣ್ಣೋ, ಎಲ್ಲಿಯವರೋ ಸಾರ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನು ಬಯ್ಯುವುದು ಸುಲಭ. "ತಮ್ಮಂಥವರು ಮೊದಲು ಒಂದು ಅಲಾರಂ ಗಡಿಯಾರಕ್ಕೆ ಕೀ ಕೊಡುವುದನ್ನು ಕಲಿತು ಬಂದರೆ ಒಳ್ಳೆಯದು" ಎಂದು ಒಮ್ಮೆ ಬರೆದಿದ್ದರು. ಕಳಿಸಿದ ಮೇಲೆ ಹೆಂಡತಿಗೂ ಓದಿ ಹೇಳಿದ್ದರು.

ಇನ್ನು ಗ್ರಂಥಾಲಯದ ಮೂಲೆಯ ಕೋಣೆಯ ವಿಷಯ. ಅಲ್ಲಿ ಕಣ್ಣು ಕಾಣದ ಓದುಗರಿಗೆಂದು ಒಂದು ಮಾತಾಡುವ ಕಂಪ್ಯೂಟರು. ಪರದೆಯ ಮೇಲಿದ್ದುದನ್ನೆಲ್ಲ ಅದು ಏರಿಳಿತವಿಲ್ಲದ ಗಂಡು ದನಿಯಲ್ಲಿ ಓದಿ ಹೇಳುತ್ತಿತ್ತು. ಆ ಕೋಣೆಯನ್ನು ಕಟ್ಟಿ ಬೆಳೆಸಿದವರು ಸರದಿ ಸಾರೇ. "ನೋಟೀಸ್ ಬೋರ್ಡು ಕಣ್ಣಿದ್ದವರಿಗೆ ಮಾತ್ರಾನಾ?" ಎಂದು ಜಗಳ ಆಡಿ, ಬೋರ್ಡಿಗೆ ಹೋದ ಪ್ರತಿ ಹಾಳೆಯೂ ಈ ಯಂತ್ರದ ಬಾಯಲ್ಲೂ ಬರಬೇಕು, ಏಳು ದಿನ ಬೆಳಿಗ್ಗೆ ಮೊದಲ ಮಾತು ಅದೇ ಆಗಿರಬೇಕು ಎಂಬ ನಿಯಮ ಮಾಡಿಸಿದವರೂ ಅವರೇ. ಈ ಒಂದು ಒಳ್ಳೆಯ ಕೆಲಸ ಅವರ ಹೆಸರಿನಲ್ಲಿತ್ತು. ಅದೇ ಮುಂದೆ ಅವರ ಬೆನ್ನಿಗೆ ಬಂತು.

ಆ ಯಂತ್ರಕ್ಕೆ ದನಿ ಬರಲು ಬೆಳಿಗ್ಗೆ ಏಳು ನಿಮಿಷ ಬೇಕಿತ್ತು. ಅಟೆಂಡರ್ ಗುಂಡಿ ಒತ್ತಿ ಎದುರಿನ ಅಂಗಡಿಗೆ ಚಹಾಕ್ಕೆ ಹೋಗುತ್ತಿದ್ದರು. ಓದುಗರು ಹೊರಗಿನ ಬೆಂಚಿನಲ್ಲಿ ಕೂತು ಲೋಕಾಭಿರಾಮ ಮಾತಾಡುತ್ತಿದ್ದರು. "ಗಟ್ಟಿ ಕೆಲಸಕ್ಕೆ ಹೊತ್ತು ಹಿಡಿಯುತ್ತೆ, ಒಳಗೆ ಎಲ್ಲಾ ಸರದಿ ಪ್ರಕಾರ ನಡೀತಿದೆ" ಎಂದು ಸಾರ್ ಹೇಳುತ್ತಿದ್ದರು. ಹೇಳುವಾಗ ಮುಖದಲ್ಲೊಂದು ಕಳೆ ಇರುತ್ತಿತ್ತು. ಆ ಏಳು ನಿಮಿಷವೇ ಅವರ ಮರ್ಯಾದೆ.

ಒಬ್ಬರು ಮಾತ್ರ ಒಮ್ಮೆ ಕೇಳಿದ್ದರು. ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವಾಕೆ. ಎಲ್ಲರ ಬಾಯಲ್ಲೂ ಟೆಲಿಫೋನ್ ಅಕ್ಕ. ಹುಟ್ಟಿನಿಂದ ಕಣ್ಣು ಕಾಣದು. ಪಾಳಿ ಇಲ್ಲದ ದಿನ ಇಲ್ಲಿ ಕೂತು ಶಿಕ್ಷಕಿಯ ಅರ್ಹತಾ ಪರೀಕ್ಷೆಗೆ ಓದುತ್ತಿದ್ದರು.

"ಸಾರ್, ಮೊದಲು ಇಲ್ಲೊಂದು ಬ್ರೈಲ್ ಪ್ರಿಂಟರ್ ಇತ್ತಲ್ಲ? ಅದು ಗುರ್ ಅಂತ ಕಾದು ಕಟಕಟ ಅಂದ ಮೇಲೆ ಇದಕ್ಕೆ ದನಿ ಬರ್ತಿತ್ತು. ಈಗ ಪ್ರಿಂಟರೂ ಇಲ್ಲ, ಸದ್ದೂ ಇಲ್ಲ. ಕಾಯೋದು ಮಾತ್ರ ಅಷ್ಟೇ ಇದೆಯಲ್ಲ?"

"ಅದೆಲ್ಲ ಒಳಗಿನ ವಿಷಯ ಕಣಮ್ಮ," ಎಂದಿದ್ದರು ಸಾರ್, ಮಗುವಿನ ತಲೆ ನೇವರಿಸುವ ದನಿಯಲ್ಲಿ. "ನಿಮಗೆ ಹೇಳಿದ್ರೆ ಅರ್ಥ ಆಗಲ್ಲ."

ಆಕೆಯ ಪರೀಕ್ಷೆಗೆ ಈ ಕೋಣೆಯೇ ಕೇಂದ್ರವಾಯಿತು. ಎರಡು ಸಲ ಎರಡು ಮೂರು ಅಂಕದಲ್ಲಿ ಹೋಗಿತ್ತು. ಇದು ಮೂರನೆಯದು, ಕೊನೆಯದೂ ಹೌದು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತಿತ್ತು.

ಸೋಮವಾರ ಹತ್ತಕ್ಕೆ ಪರೀಕ್ಷೆ. ಹಿಂದಿನ ಶನಿವಾರವೇ ಸಾರ್ ಯಂತ್ರಕ್ಕೆ ದೊಡ್ಡ ಅಪ್‌ಡೇಟ್ ಹಾಕಿ, ಅದರ ಜೊತೆ ಬರುತ್ತಿದ್ದ ಹೊಸ ಆರಂಭ ವ್ಯವಸ್ಥೆಯನ್ನು ಎಂದಿನಂತೆ ಕಿತ್ತು ಹಳೆಯದನ್ನು ಕೂರಿಸಿದ್ದರು. ಆದರೂ ಮನಸ್ಸಿನ ಮೂಲೆಯಲ್ಲಿ, ಕಳ್ಳದಾರಿಯಿಂದ ಎಲ್ಲಿ ನುಸುಳಿತೋ ಎಂಬ ಅನುಮಾನ.

ಬೆಳಿಗ್ಗೆ ಯಂತ್ರ ಚೆನ್ನಾಗಿಯೇ ಮಾತಾಡುತ್ತಿತ್ತು. ಒಂಬತ್ತು ಐವತ್ತೈದಕ್ಕೆ ಪರೀಕ್ಷೆಯ ಮೇಲ್ವಿಚಾರಕರು ತಮ್ಮ ಕೈಪಿಡಿ ತೆಗೆದರು. "ಶುರುವಿಗೆ ಐದು ನಿಮಿಷ ಮೊದಲು ಯಂತ್ರವನ್ನ ಒಂದ್ಸಲ ಆರಿಸಿ ಹಚ್ಚಬೇಕು. ರೂಲ್ಸು." ಹಾಗೇ ಮಾಡಿದರು. ಯಂತ್ರ ಮೌನ ವಹಿಸಿತು.

"ಎಷ್ಟು ಹೊತ್ತು ಸಾರ್ ಇದು?"

"ಬರುತ್ತೆ, ಬರುತ್ತೆ."

"ಹತ್ತು ಗಂಟೆ ಐದು ನಿಮಿಷದ ಒಳಗೆ ದನಿ ಬರಬೇಕು. ಇಲ್ಲಾಂದ್ರೆ ಪ್ರಶ್ನೆಪತ್ರಿಕೆ ತೆರೆಯೋ ಹಾಗಿಲ್ಲ."

ಲೆಕ್ಕ ಹಾಕಿದರೆ ಹತ್ತೂ ಎರಡಕ್ಕೆ ದನಿ ಬರಬೇಕಿತ್ತು. ಸಾಕಷ್ಟು ಸಮಯವಿತ್ತು. ಆದರೆ ಮೇಲ್ವಿಚಾರಕರು ಕೈಗಡಿಯಾರವನ್ನೂ ಸಾರ್ ಮುಖವನ್ನೂ ಸರದಿಯಂತೆ ನೋಡತೊಡಗಿದರು. "ಇದು ಕೆಟ್ಟಿದೆ ಅನ್ಸುತ್ತೆ ನಂಗೆ," ಎಂದರು. ಹತ್ತು ಹೊಡೆಯಿತು. ಪರದೆ ಕಪ್ಪಾಗಿ ಕೂತಿತ್ತು. ಸಾರ್‌ಗೆ ಶನಿವಾರದ ಅನುಮಾನ ಹಾವಿನಂತೆ ಹೆಡೆ ಎತ್ತಿತು. ಅದೇ ನುಗ್ಗಿದೆ, ಆ ಹೊಸದೇ! ಅವರ ಕೈ ಗುಂಡಿಯ ಕಡೆ ಹೋಯಿತು.

"ಸಾರ್, ಇನ್ನೆರಡು ನಿಮಿಷ ಇದೆ, ಬಿಡಿ," ಎಂದರು ಟೆಲಿಫೋನ್ ಅಕ್ಕ, ಕುರ್ಚಿಯಲ್ಲಿ ನೆಟ್ಟಗೆ ಕೂತು. "ನಾನು ಎಣಿಸ್ತಾ ಇದೀನಿ."

ಇಷ್ಟು ವರ್ಷ ಲೋಕಕ್ಕೆಲ್ಲ ತಾಳ್ಮೆಯ ಪಾಠ ಹೇಳಿದ ಮನುಷ್ಯ ಐದನೆಯ ನಿಮಿಷದಲ್ಲಿ ಗುಂಡಿ ಒತ್ತಿಬಿಟ್ಟರು. ಯಂತ್ರ ಆರಿತು, ಮತ್ತೆ ಮೊದಲಿನಿಂದ ಶುರುವಾಯಿತು. ದನಿ ಬಂದಾಗ ಹತ್ತು ಗಂಟೆ ಏಳು ನಿಮಿಷ. "ನಮಸ್ಕಾರ, ಯಂತ್ರ ಸಿದ್ಧವಾಗಿದೆ," ಎಂದಿತು ಅದು. ಮೇಲ್ವಿಚಾರಕರು ಆಗಲೇ ಲಕೋಟೆಗೆ ಅಂಟು ಹಚ್ಚುತ್ತಿದ್ದರು.

ಅವರು ಕೊಟ್ಟ ವರದಿಯ ಹಾಳೆಯಲ್ಲಿ ಪರೀಕ್ಷೆ ಯಾಕೆ ನಡೆಯಲಿಲ್ಲ ಎಂದು ಕೇಂದ್ರದವರು ಗುರುತು ಹಾಕಬೇಕಿತ್ತು. ತಪ್ಪು ಕೇಂದ್ರದ್ದು ಎಂದು ಬರೆದುಕೊಟ್ಟರೆ ಮಾತ್ರ ಅಭ್ಯರ್ಥಿಗೆ ಮರುಪರೀಕ್ಷೆ. ಹೊರಗಿನ ಕಾರಣ ಎಂದರೆ ಇಲ್ಲ, ಯಾರೇನು ಮಾಡಲಾಗುತ್ತದೆ! ಸಾರ್ ಎರಡನೆಯದಕ್ಕೆ ಗುರುತು ಹಾಕಿ, "ಹೊರಗಿನವರು ಹೇರಿದ ತಂತ್ರಾಂಶದ ದೋಷ" ಎಂದು ದುಂಡಗೆ ಬರೆದು ಸಹಿ ಮಾಡಿದರು. ಅದನ್ನು ನಂಬಿಯೇ ಬರೆದರು. ನಂಬುವುದು ಆಗ ಬಹಳ ಅನುಕೂಲವಾಗಿತ್ತು.

"ನಾನು ಎಷ್ಟು ಬಡ್ಕೊಂಡೆ ಗೊತ್ತೇನಮ್ಮ, ಆ ಹೊಸದು ಬೇಡ ಅಂತ," ಎಂದರು ಅಕ್ಕನಿಗೆ. ಆಕೆ ಕೈಚೀಲದಿಂದ ಕೋಲು ತೆಗೆದು ಬಿಡಿಸಿದರು, ಒಂದೊಂದೇ ಗೆಣ್ಣು ಟಕ್ ಟಕ್ ಎಂದು ಕೂರುವವರೆಗೆ.

ಆ ಸಂಜೆಯೇ ಸಾರ್ ಬಳಗಕ್ಕೆ ನೂರ ಹದಿನೈದನೆಯ ಪತ್ರ ಬರೆದರು. ಕಣ್ಣಿಲ್ಲದ ಹೆಣ್ಣುಮಗಳೊಬ್ಬಳ ಬಾಳು ನಿಮ್ಮ ಹೊಸ ವ್ಯವಸ್ಥೆಯಿಂದ ಹಾಳಾಯಿತು, ನಿಮಗೆ ನಾಚಿಕೆಯಾಗಬೇಕು ಎಂದು. ಸಾಕ್ಷಿಗೆ ಯಂತ್ರ ತಾನೇ ಬರೆದಿಡುವ ದಿನಚರಿಯನ್ನೂ ತಮ್ಮ ಆರಂಭದ ಕಡತಗಳನ್ನೂ ಲಗತ್ತಿಸಿದರು.

ಗುರುವಾರ ಉತ್ತರ ಬಂತು. ಗುಬ್ಬಚ್ಚಿ ಅದನ್ನು ಬಳಗಕ್ಕೆ ಕಳಿಸಿರಲಿಲ್ಲ. ಸಾರ್ ಒಬ್ಬರಿಗೇ ಕಳಿಸಿದ್ದರು.

"ಸಾರ್, ನಿಮ್ಮ ಯಂತ್ರದಲ್ಲಿ ಹೊಸ ವ್ಯವಸ್ಥೆ ಇಲ್ಲವೇ ಇಲ್ಲ. ದಿನಚರಿಯ ಪ್ರಕಾರ ಅಂದೂ ಹಳೆಯದೇ ನಡೆದಿದೆ. ಇಪ್ಪತ್ತನೆಯ ನಂಬರಿನ ಕಡತವನ್ನು ನೋಡಿ. ಅದು ಒಂದು ಪ್ರಿಂಟರನ್ನು ಹತ್ತು ಸೆಕೆಂಡಿಗೊಮ್ಮೆ 'ಎದ್ದೆಯಾ' ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ನಲವತ್ತೆರಡು ಸಲ ಕೇಳಿ ಕೈಬಿಡುತ್ತದೆ. ಆಮೇಲೆ ಇಪ್ಪತ್ತೊಂದನೆಯ ನಂಬರಿನ ದನಿ ಏಳುತ್ತದೆ. ಆ ಪ್ರಿಂಟರ್ ಈಗ ಇದೆಯೇ? ಕಡತದ ತಲೆಯಲ್ಲಿ ನಿಮ್ಮದೇ ಟಿಪ್ಪಣಿ ಇದೆ. ಅಷ್ಟು ಸಾಲು ತೆಗೆದರೆ ಹಳೆಯ ವ್ಯವಸ್ಥೆಯಲ್ಲೇ ಒಂದು ನಿಮಿಷದೊಳಗೆ ದನಿ ಬರುತ್ತದೆ. ಹಳೆಯದು ಕೆಟ್ಟದ್ದೇನಲ್ಲ. ಪರೀಕ್ಷೆ ತಪ್ಪಿದವರಿಗೆ ಇನ್ನೊಂದು ಅವಕಾಶ ಸಿಗಲಿ."

ಸಾರ್ ಕಡತ ತೆರೆದರು. ತಲೆಯಲ್ಲಿ ಅವರೇ ಬರೆದಿದ್ದರು: "ಇದು ತಾತ್ಕಾಲಿಕ. ಪ್ರಿಂಟರ್ ಹೋದ ದಿನ ತೆಗೆಯುವುದು. ಮರೆಯಬಾರದು!!" 'ಮರೆಯಬಾರದು' ಎನ್ನುವುದಕ್ಕೆ ಎರಡು ಉದ್ಗಾರ ಚಿಹ್ನೆ.

ಪ್ರಿಂಟರ್ ಗುಜರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ತಳ್ಳುಗಾಡಿಗೆ ಹಾಕಲು ಒಂದು ಕೈ ಹಿಡಿದವರು ಸಾರೇ. ಒಂಬತ್ತು ವರ್ಷ ಪ್ರತಿ ಬೆಳಿಗ್ಗೆ ಆ ಯಂತ್ರ, ಇಲ್ಲದ ಪ್ರಿಂಟರಿನ ಬಾಗಿಲು ನಲವತ್ತೆರಡು ಸಲ ತಟ್ಟಿ, ಯಾರೂ ಓ ಅನ್ನದೆ, ಸುಸ್ತಾಗಿ ಮುಂದೆ ಹೋಗುತ್ತಿತ್ತು. ಸಾರ್ ಪಕ್ಕದಲ್ಲಿ ನಿಂತು ಅದಕ್ಕೆ ಗಟ್ಟಿ ಕೆಲಸ ಎಂದು ಹೆಸರಿಟ್ಟಿದ್ದರು.

ಹೊಸದನ್ನು ಬಯ್ಯುವಂತಿಲ್ಲ, ಅದು ಅಲ್ಲಿ ಇರಲೇ ಇಲ್ಲ. ಹಳೆಯದನ್ನೂ ಬಯ್ಯುವಂತಿಲ್ಲ, ಅದು ಹೇಳಿದ್ದನ್ನು ಮಾಡಿತ್ತು. ಅಕ್ಕ ಕಿವಿಯಿಂದ ಕಂಡುಹಿಡಿದಿದ್ದನ್ನು ಇವರು ಕಣ್ಣಿಟ್ಟುಕೊಂಡು ಕಾಣದೆ ಹೋಗಿದ್ದರು. ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು.

ಮೊದಲು ಅಕ್ಕನಿಗೆ ಹೇಳೋಣ ಎಂದು ಆಸ್ಪತ್ರೆಗೆ ಫೋನ್ ಮಾಡಿದರು. ಎಕ್ಸ್‌ಚೇಂಜ್ ಎಂದರೆ ಎತ್ತುವವರೂ ಆಕೆಯೇ ಎನ್ನುವುದು ಗಂಟೆ ಬಾರಿಸಿದ ಮೇಲೆ ಹೊಳೆಯಿತು.

"ಆಸ್ಪತ್ರೆ. ಯಾರು ಬೇಕಿತ್ತು?"

"ಅದು... ಚರ್ಮದ ವಿಭಾಗ," ಎಂದುಬಿಟ್ಟರು ಸಾರ್.

"ಲೈನಲ್ಲಿರಿ," ಎಂದಿತು ಆ ದನಿ ನಿರ್ವಿಕಾರವಾಗಿ. ಆಚೆ ಡಾಕ್ಟರು ಬಂದು ಏನು ತೊಂದರೆ ಎಂದರು. ಸಾರ್ ಏನೂ ಇಲ್ಲ ಎಂದು ಇಟ್ಟುಬಿಟ್ಟರು.

ಸಂಜೆ ಮನೆಯಲ್ಲಿ ಎಲ್ಲ ಹೇಳಿಕೊಂಡರು. ಹೆಂಡತಿ ಹಾಲು, ಫೋನು, ಕಪಾಟು ಎಲ್ಲ ಬಿಟ್ಟು ಎದುರಿಗೆ ಕೂತು ಕೇಳಿದರು. ಅದರಿಂದಲೇ ಸಾರ್‌ಗೆ ಹೆಚ್ಚು ಭಯವಾಯಿತು.

"ತಿದ್ದಿ ಬರೆದುಕೊಡೋಕೆ ಯಾವಾಗಿನ ತನಕ ಟೈಮಿದೆ?"

"ನಾಳೆ ಸಂಜೆ ಐದು. ಆದ್ರೆ ಲೈಬ್ರರಿಯನ್ ಮೇಡಂಗೆ ಹೇಳ್ಬೇಕು, ಬೋರ್ಡಿಗೂ ಹಾಕ್ತಾರೆ. ಇಪ್ಪತ್ತೆರಡು ವರ್ಷ ಕಣೇ... ಯೋಚನೆ ಮಾಡಿ, ಮೊದಲು ಮೇಡಂ ಹತ್ರ ಸೂಕ್ಷ್ಮವಾಗಿ ವಿಷಯ ತೆಗೆದು, ಆಮೇಲೆ..."

"ಇಲ್ಲೂ ಸಾಲು ಮಾಡ್ಬೇಡಿ. ಬೆಳಿಗ್ಗೆ ಸ್ನಾನ ಮಾಡಿ ಹೋಗಿ ಬರೆದುಕೊಡಿ." ಒಂದು ಕ್ಷಣ ಬಿಟ್ಟು, "ಪೇಪರಿಗೆ ಕಾಯ್ಬೇಡಿ," ಎಂದರು.

ಮರುದಿನ ಲೈಬ್ರರಿಯನ್ ಮೇಡಂ ಮೇಜಿನ ಮುಂದೆ ನಿಂತೇ ಬರೆದರು. ಕೂರಿ ಎಂದರೂ ಕೂರಲಿಲ್ಲ. ಇಲ್ಲದ ಪ್ರಿಂಟರನ್ನು ಯಂತ್ರ ಕಾಯುವಂತೆ ಮಾಡಿದ್ದು ನಾನು. ತೆಗೆಯಲು ಮರೆತದ್ದು ನಾನು. ಅಭ್ಯರ್ಥಿ ಬೇಡವೆಂದರೂ ಗುಂಡಿ ಒತ್ತಿದ್ದು ನಾನು. ನನ್ನ ಹಿಂದಿನ ವರದಿ ಸುಳ್ಳು. ಇದು ಪೂರ್ತಿಯಾಗಿ ಕೇಂದ್ರದ ತಪ್ಪು, ಅಂದರೆ ನನ್ನದು. ಮೇಡಂ ಓದಿ ಕನ್ನಡಕ ತೆಗೆದರು.

"ಅಂದ್ರೆ ಒಂಬತ್ತು ವರ್ಷ ನಾವೆಲ್ಲ ಬೆಂಚಲ್ಲಿ ಕೂತಿದ್ದು..."

"ಹೌದು ಮೇಡಂ."

"ನಾನು ಮಂತ್ರಿಗಳು ಬಂದಾಗ ಅವರನ್ನೂ ಕೂರಿಸಿದ್ದೆ ಕಣ್ರೀ!"

ಸಾರ್ ನೆಲದ ಟೈಲ್ಸ್ ಎಣಿಸಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಳಗಕ್ಕೆ ನೂರ ಹದಿನಾರನೆಯ ಪತ್ರ ಬರೆದರು. ಎಲ್ಲರೆದುರು ಬಯ್ದದ್ದಕ್ಕೆ ಎಲ್ಲರೆದುರೇ ಕ್ಷಮೆ. ಐದು ವರ್ಷದಲ್ಲಿ ಅವರು ಬರೆದ ಅತಿ ಚಿಕ್ಕ ಪತ್ರ ಅದು. ಅಲಾರಂ ಗಡಿಯಾರದ ಮಾತನ್ನು ಹೆಸರಿಸಿ ವಾಪಸು ತೆಗೆದುಕೊಂಡಿದ್ದರು.

ಶನಿವಾರ ಯಂತ್ರದ ಮುಂದೆ ಕೂತರು. ಪ್ರಿಂಟರಿನ ಸಾಲುಗಳನ್ನು ಅಳಿಸಿದರೆ ಸಾಕಿತ್ತು, ಗುಬ್ಬಚ್ಚಿಯೇ ಹೇಳಿದ್ದರಲ್ಲ. ಆದರೆ ಅಂಥ ಕಡತಗಳು ಇನ್ನೂ ಮೂವತ್ತೊಂದಿದ್ದವು, ಎಲ್ಲವೂ ಇವರ ಕೈಯವೇ. ಇನ್ನೆಷ್ಟು ಸತ್ತವರನ್ನು ಯಂತ್ರ ಕಾಯುತ್ತಿದೆಯೋ! ಹೊಸ ವ್ಯವಸ್ಥೆಯಲ್ಲಿ, ಯಾರಿಂದ ಎಷ್ಟು ತಡವಾಯಿತು ಎಂದು ಕೇಳಿದರೆ ಸೆಕೆಂಡಿನ ಸಮೇತ ಪಟ್ಟಿ ಕೊಡುತ್ತದೆ. ಬಹುಶಃ ಆ ಪಟ್ಟಿಗೆ ಹೆದರಿಯೇ ಇಷ್ಟು ವರ್ಷ ಅದನ್ನು ದೂರ ಇಟ್ಟಿದ್ದೆನೇನೋ ಅನ್ನಿಸಿತು. ಆಜ್ಞೆ ಟೈಪು ಮಾಡಿದರು. ಯಂತ್ರ ಎಚ್ಚರಿಸಿತು: ಈಗಿರುವ ಆರಂಭ ವ್ಯವಸ್ಥೆಯನ್ನು ತೆಗೆಯಲಿದ್ದೀರಿ, ಗೊತ್ತಿದ್ದೇ ಮಾಡುತ್ತಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂದು ಪೂರ್ತಿ ಬರೆಯಿರಿ. ಸಾರ್ ಬೆರಳು ನಿಂತಿತು. ಪಾಪ, ಇಷ್ಟು ವರ್ಷ ಹೇಳಿದಂತೆ ಮಾಡಿಯೇ ಅಲ್ಲವೇ ಅದು ಈ ಗತಿಗೆ ಬಂದದ್ದು! ಬರೆದರು. ಆರಿಸಿ ಹಚ್ಚಿದರು. ಮೂವತ್ತೆಂಟು ಸೆಕೆಂಡಿಗೆ "ನಮಸ್ಕಾರ, ಯಂತ್ರ ಸಿದ್ಧವಾಗಿದೆ" ಎಂದಿತು. ಸಾರ್ ಬೆಚ್ಚಿಬಿದ್ದರು.

ಸೋಮವಾರ ಹಾಳೆ ಬೋರ್ಡಿಗೆ ಏರಿತು. ಬೋರ್ಡಿಗೆ ಏರಿದ್ದು ಯಂತ್ರದ ಬಾಯಿಗೂ ಬರಬೇಕಲ್ಲ, ಸರದಿ ಸಾರ್ ಅವರದೇ ನಿಯಮ. ಅವರ ಕೋಣೆಗೂ ಮೂಲೆಯ ಕೋಣೆಗೂ ನಡುವೆ ಇದ್ದುದು ಬರೀ ಪ್ಲೈವುಡ್ ಗೋಡೆ. ಬೆಳಿಗ್ಗೆ ಆ ಏರಿಳಿತವಿಲ್ಲದ ದನಿ, ಹವಾಮಾನ ವರದಿ ಓದಿದ ಹಾಗೆ, "ತೆಗೆಯಲು ಮರೆತದ್ದು ನಾನು. ಗುಂಡಿ ಒತ್ತಿದ್ದು ನಾನು," ಎಂದು ಓದಿತು. ಬೆಂಚಿನ ಓದುಗರಲ್ಲೊಬ್ಬ ಹಿರಿಯರು, "ಎಲ್ಲಿ, ಇನ್ನೊಂದ್ಸಲ ಹಾಕಿ, ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದರು. ಅವರ ಕಿವಿ ಊರಿಗೇ ಚುರುಕು. ಮಂಗಳವಾರವೂ ಅದೇ. ಅಟೆಂಡರ್ ಬೇರೆ ಬಾಗಿಲಲ್ಲಿ ನಿಂತು, "ಏನ್ ಸಾರ್, ನನ್ನ ಚಹಾದ ಟೈಮನ್ನೇ ತೆಗೆದುಬಿಟ್ರಲ್ಲ!" ಎಂದು ಬೇಜಾರಾದರು. ಮಂಗಳವಾರವೇ ಮರುಪರೀಕ್ಷೆಯ ಪತ್ರವೂ ಬಂತು. ಮುಂದಿನ ತಿಂಗಳ ಎರಡನೆಯ ಭಾನುವಾರ, ಇದೇ ಕೋಣೆ. ಸಾರ್ ಅದನ್ನು ಎರಡು ಸಲ ಓದಿದರು. ಹಗುರವಾಗಬಹುದು ಎಂದುಕೊಂಡಿದ್ದರು, ಆಗಲಿಲ್ಲ. ಆಕೆಯ ಮುಖ ನೋಡುವುದು ಇನ್ನೂ ಬಾಕಿ ಇತ್ತು.

ಬುಧವಾರ, ಪರೀಕ್ಷೆಯ ದಿನದ ನಂತರ ಮೊದಲ ಬಾರಿಗೆ ಟೆಲಿಫೋನ್ ಅಕ್ಕ ಬಂದರು. ಪ್ಲೈವುಡ್ಡಿನ ಆಚೆ ಕೋಲು ಮಡಚುವ ಟಕ್ ಟಕ್ ಕೇಳಿ, ಸಾರ್ ಎದ್ದು ನಿಂತರು. ಹೋಗಿ ಹೇಳಬೇಕು. ಅಷ್ಟರಲ್ಲಿ ದನಿ ಶುರುವಾಯಿತು. "ಸೂಚನೆ. ಇಲ್ಲದ ಪ್ರಿಂಟರನ್ನು ಯಂತ್ರ ಕಾಯುವಂತೆ ಮಾಡಿದ್ದು ನಾನು. ತೆಗೆಯಲು..."

ಟಕ್. ಕೀಬೋರ್ಡಿನ ಕೀಲಿಯೊಂದನ್ನು ಒತ್ತಿದ ಸದ್ದು. ದನಿ ಅಲ್ಲೇ ತುಂಡಾಯಿತು. "ಮುಂದಿನ ಸೂಚನೆ. ಗುರುವಾರ ಶೌಚಾಲಯದಲ್ಲಿ ನೀರು ಇರುವುದಿಲ್ಲ."

ಆಮೇಲೆ ಗೋಡೆಯಾಚೆಯಿಂದ, ಎಕ್ಸ್‌ಚೇಂಜಿನದೇ ನಿರ್ವಿಕಾರ ದನಿ:

"ಸಾರ್, ಚರ್ಮದ ಡಾಕ್ಟರು ಏನಂದ್ರು?"

ಸಾರ್ ಗೋಡೆ ಹಿಡಿದುಕೊಂಡರು. ಗೊತ್ತಾಗದೆ ಇರುತ್ತದೆಯೇ! ದಿನಕ್ಕೆ ನಾನೂರು ದನಿ ಕೇಳುವ ಕಿವಿ ಅದು.

"ತುಂಬಾ ದಪ್ಪ ಇದೆ ಅಂದ್ರು ಕಣಮ್ಮ," ಎಂದರು. "ಕ್ಷಮಿಸಿ. ನೀವು ಅವತ್ತೇ ಹೇಳಿದ್ರಿ. ಎರಡು ಸಲ ಹೇಳಿದ್ರಿ."

"ಹೇಳಿದ್ದೆ," ಎಂದರು ಅಕ್ಕ. ಇಲ್ಲ ಬಿಡಿ ಸಾರ್, ಪರವಾಗಿಲ್ಲ ಎನ್ನಲಿಲ್ಲ. ಸಾರ್ ಅದಕ್ಕೆ ಕಾದರು, ಅದು ಬರಲಿಲ್ಲ. ಬಂದದ್ದು ಬೇರೆ ಮಾತು: "ಮೊದಲೆಲ್ಲ ಏಳು ನಿಮಿಷ ಇದೆ ಅಂತ ಹತ್ತು ನಿಮಿಷ ಮುಂಚೆ ಬರ್ತಿದ್ದೆ. ಪರೀಕ್ಷೆ ದಿನ ಈಗ ಎಷ್ಟು ಅಂತ ಬರ್ಲಿ?"

"ಮೂವತ್ತೆಂಟು ಸೆಕೆಂಡು."

"ನಾನು ಎಣಿಸಿ ನೋಡ್ತೀನಿ. ಒಂದ್ಸಲ ಆರಿಸಿ ಹಚ್ಚಿ."

ಸಾರ್ ಆಚೆ ಕೋಣೆಗೆ ಬಂದರು. ಆಕೆಯ ಕುರ್ಚಿಯ ಪಕ್ಕ ಬಗ್ಗಿ ಗುಂಡಿ ಒತ್ತಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಅಕ್ಕ ತುಟಿಯಲ್ಲೇ ಎಣಿಸತೊಡಗಿದರು.